ಊಟಿಯ ಚರ್ಚಿನಲ್ಲಿ ಶ್ರೀರಂಗಪಟ್ಟಣದ ತೊಲೆಗಳು

ನಮ್ಮ ಜವಳಗಿರಿ ಕಡೆಯ ಮಕ್ಕಳಿಗೆ ಊಟಿ ಪ್ರವಾಸ ಎಂದರೆ ಮೂರೇ ಜಾಗ: ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ಪುಟಾಣಿ ರೈಲು. ಈ ಸಲ ನಾವು ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದೆವು. ಅದು ಸೇಂಟ್ ಸ್ಟೀಫನ್ಸ್ ಚರ್ಚ್. "ಚರ್ಚಲ್ಲಿ ನೋಡೋಕೆ ಏನಿದೆ ಸಾರ್?" ಎಂದು ಏಳನೇ ತರಗತಿಯ ಹುಡುಗನೊಬ್ಬ ಬಸ್ಸಿನಲ್ಲೇ ಕೇಳಿದ. "ಒಳಗೆ ಹೋಗಿ ತಲೆ ಎತ್ತಿ ನೋಡು, ಗೊತ್ತಾಗುತ್ತೆ" ಎಂದೆವು.

ತಳಿ ದಾಟಿ, ಆನೇಕಲ್ ದಾರಿ ಹಿಡಿದು, ಬೆಂಗಳೂರಿನ ಮೇಲೆ ಮೈಸೂರು ರಸ್ತೆಗೆ ಸೇರಿದೆವು. ದಾರಿಯಲ್ಲೇ ಮಕ್ಕಳಿಗೆ ಒಂದು ವಿಷಯ ಹೇಳಿದೆವು. 1799ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸ್‌ನ ಇಂಗ್ಲಿಷ್ ಸೈನ್ಯ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟಾಗ ನಮ್ಮ ರಾಯಕೋಟೆ, ಕೆಲಮಂಗಲ, ಆನೇಕಲ್ ಕಡೆಯಿಂದಲೇ ಸಾಗಿತು. ಪಠ್ಯಪುಸ್ತಕದಲ್ಲಿ ಅದು 'ನಾಲ್ಕನೆಯ ಮೈಸೂರು ಯುದ್ಧ' ಎಂಬ ಒಂದು ಪ್ರಶ್ನೆ, ಎರಡು ಅಂಕ ಅಷ್ಟೆ. ಆದರೆ ಆ ಸೈನ್ಯ ನಡೆದದ್ದು ನಾವು ದಿನಾ ಸಂತೆಗೆ, ಮದುವೆಗೆ ಓಡಾಡುವ ಸೀಮೆಯಲ್ಲಿ! ಇದನ್ನು ಕೇಳಿದ ಮೇಲೆ ಮಕ್ಕಳು ಕಿಟಕಿಯಾಚೆ ಬೇರೆ ಕಣ್ಣಿನಿಂದ ನೋಡತೊಡಗಿದರು.

ಊಟಿಗೆ ಮೊದಲು ಶ್ರೀರಂಗಪಟ್ಟಣದಲ್ಲಿ ಇಳಿದೆವು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಮೈಸೂರು ರಾಜ್ಯ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಕ್ಕಿತಾದರೂ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತು. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಇಂದಿಗೂ ನಿಂತಿದೆ. ಅದರ ಮರದ ಕಂಬಗಳನ್ನೂ ಗೋಡೆಯ ಚಿತ್ರಗಳನ್ನೂ ಮಕ್ಕಳು ಕಣ್ತುಂಬ ನೋಡಿದರು. ಆಮೇಲೆ ಕೋಟೆಯೊಳಗೆ ರಂಗನಾಥನ ಗುಡಿಯ ಹತ್ತಿರ ಲಾಲ್ ಮಹಲ್ ಅರಮನೆ ಇದ್ದ ಜಾಗಕ್ಕೆ ಕರೆದೊಯ್ದೆವು. ಅಲ್ಲಿ ಉಳಿದಿರುವುದು ಬರೀ ತಳಪಾಯ. "ಅರಮನೆ ಎಲ್ಲಿ ಹೋಯ್ತು ಸಾರ್?" ಎಂದು ಕೇಳಿದರು. "ಪಟ್ಟಣದ ಅರಮನೆಯ ಮರ ಎಲ್ಲಿಗೆ ಹೋಯ್ತು ಅಂತ ನಾಳೆ ತೋರಿಸ್ತೀವಿ" ಎಂದೆವು.

ಮರುದಿನ ಬೆಳಿಗ್ಗೆ ಊಟಿಯ ಚಳಿಯಲ್ಲಿ ನಡುಗುತ್ತಾ ಚರ್ಚಿನ ಮುಂದೆ ನಿಂತೆವು. ತಿಳಿ ಹಳದಿ ಬಣ್ಣದ ಕಟ್ಟಡ, ಹಿಂದೆ ಗುಡ್ಡದ ಇಳಿಜಾರಿನಲ್ಲಿ ಸಮಾಧಿಗಳು. ಚರ್ಚ್ ಎಂದರೆ ಪ್ರಾರ್ಥನೆಯ ಮನೆ ಎಂದಷ್ಟೇ ಮಕ್ಕಳು ತಿಳಿದಿದ್ದರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಕೆಲಸ ಇತ್ತು. ಒಂದು ಚರ್ಚಿಗೆ ಸೇರಿದ ಸೀಮೆಗೆ ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ನಮ್ಮಲ್ಲಿ ಹೋಬಳಿ ಇದ್ದಂತೆ ಎಂದುಕೊಳ್ಳಿ. ಅಲ್ಲಿ ಯಾರಿಗೆ ನಾಮಕರಣ, ಯಾರಿಗೆ ಮದುವೆ, ಯಾರನ್ನು ಮಣ್ಣು ಮಾಡಿದರು ಎಂದು ಪ್ರತಿ ಪ್ಯಾರಿಷ್ ಚರ್ಚೂ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಆಜ್ಞೆ 1538ರಲ್ಲೇ ಆಗಿತ್ತು. ಊರಿನವರ ಹುಟ್ಟು ಸಾವು ಎಲ್ಲಕ್ಕೂ ಆ ಚರ್ಚೇ ದಾಖಲೆ. ಬೆಟ್ಟದ ಮೇಲೆ ಬಂದು ನೆಲೆಸಿದ ಇಂಗ್ಲಿಷರು ತಮ್ಮ ಊರಿನ ಆ ಚರ್ಚನ್ನೇ ಇಲ್ಲಿಯೂ ಕಟ್ಟಿಕೊಂಡರು.

ಇದರ ಅಡಿಗಲ್ಲು ಬಿದ್ದದ್ದು 1829ರ ಏಪ್ರಿಲ್ 23ರಂದು. ಆಗ ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. ಕಟ್ಟಿಸಿದವನು ಕ್ಯಾಪ್ಟನ್ ಅಂಡರ್‌ವುಡ್. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಟರ್ನರ್ ಇದನ್ನು ಪ್ರತಿಷ್ಠೆ ಮಾಡಿದ. 1831ರ ಏಪ್ರಿಲ್ 3, ಈಸ್ಟರ್ ಭಾನುವಾರದಂದು ಬಾಗಿಲು ಜನರಿಗೆ ತೆರೆಯಿತು. ಈ ಚರ್ಚಿಗೆ ಬೇಕಾದ ದೊಡ್ಡ ತೊಲೆಗಳನ್ನೂ ಮರಮುಟ್ಟನ್ನೂ ತಂದದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ! ಊಟಿಗೆ ರೈಲು ಬಂದದ್ದು 1908ರಲ್ಲಿ. ಲಾರಿಯ ಮಾತೇ ಇಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದೂರ, ಒಂದೂವರೆ ಸಾವಿರ ಮೀಟರ್ ಮೇಲಕ್ಕೆ, ಕಾಡು ದಾಟಿಸಿ ಆ ತೊಲೆಗಳನ್ನು ಹತ್ತಿಸಿದ್ದರು. ಎಳೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಒಳಗೆ ಮಕ್ಕಳನ್ನು ಬೆಂಚುಗಳ ಮೇಲೆ ಸದ್ದಿಲ್ಲದೆ ಕೂರಿಸಿದೆವು. ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಬರುತ್ತಿತ್ತು. ಎಲ್ಲರೂ ತಲೆ ಎತ್ತಿದರು. ಬಸ್ಸಿನಲ್ಲಿ ಕೇಳಿದ್ದ ಹುಡುಗನೇ ಮೆಲ್ಲಗೆ ಅಂದ: "ಹಂಗಾದ್ರೆ ಈ ಮರ ನಮ್ದಲ್ವಾ ಸಾರ್? ವಾಪಸ್ ಕೇಳ್ಬೋದಲ್ಲ?" ನಾವು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗಿ, "ತೊಲೆ ಕಿತ್ರೆ ಚಾವಣಿ ಬೀಳುತ್ತೆ ಕಣೋ" ಎಂದಳು.

ಆಮೇಲೆ ಹಿಂದಿನ ಸಮಾಧಿಗಳ ಕಡೆ ನಡೆದೆವು. ಊಟಿಯನ್ನು ಊರು ಮಾಡಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್‌ನ ಹೆಂಡತಿಯನ್ನೂ ಮಗಳನ್ನೂ ಮಣ್ಣು ಮಾಡಿದ್ದು ಇಲ್ಲೇ. ಅವನು ಮಾತ್ರ 1855ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. ಈ ನೆಲ ತೋಡರದು ಎಂದು ಸರ್ಕಾರದೊಂದಿಗೆ ವಾದಿಸಿದ ಅಧಿಕಾರಿಯೂ ಅವನೇ. ಗೆದ್ದವರೆಲ್ಲ ಒಂದೇ ತರಹದವರಲ್ಲ ಎಂದು ಹೇಳಲು ನಮಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. "1956ರಲ್ಲಿ ನಮ್ಮನ್ನು ಆ ಕಡೆಗೆ ಸೇರಿಸಿಬಿಟ್ಟರು" ಎಂದು ಗಡಿಯ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ನಿಜವಾಗಿ ನೋಡಿದರೆ ನಾವು ಮೈಸೂರಿನಿಂದ ಬೇರೆಯಾದದ್ದು ಅದಕ್ಕೂ ಬಹಳ ಹಿಂದೆ. ಕೃಷ್ಣಗಿರಿ ಕಡೆಯ ಬಾರಾಮಹಲ್ 1792ರ ಒಪ್ಪಂದದಲ್ಲೇ ಕಂಪನಿಗೆ ಹೋಯಿತು. ನಮ್ಮ ಹೊಸೂರು, ಡೆಂಕಣಿಕೋಟೆಯ ಮೇಲುಸೀಮೆ ಹೋದದ್ದು 1799ರಲ್ಲಿ. ನೀಲಗಿರಿಯೂ ಅದೇ ವರ್ಷ ಹೋಯಿತು. ಮುಂದೆ ನಾವು ಸೇಲಂ ಜಿಲ್ಲೆಯವರಾದೆವು, 1965ರಲ್ಲಿ ಧರ್ಮಪುರಿಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. 1956 ಹೊಸದಾಗಿ ಗೆರೆ ಎಳೆಯಲಿಲ್ಲ, ಹಳೆಯ ಗೆರೆಯನ್ನು ಹಾಗೇ ಬಿಟ್ಟಿತು. ಊಟಿಯ ತೊಲೆ, ಜವಳಗಿರಿಯ ನಾವು, ಇಬ್ಬರೂ ಒಂದೇ ಯುದ್ಧದ ಲೆಕ್ಕದಲ್ಲಿ ಈಚೆಗೆ ಬಂದವರು.

ಇದನ್ನು ಮಕ್ಕಳಿಗೆ ಹೇಳುವುದು ಯಾರ ಮೇಲೂ ದ್ವೇಷ ಬೆಳೆಸಲು ಅಲ್ಲ. ಆ ತೊಲೆಗಳ ಕೆಳಗೆ ಈಗ ಪ್ರಾರ್ಥನೆ ಮಾಡುವವರು ಇಲ್ಲಿನ ಜನರೇ. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಆದಾಗ ಈ ಚರ್ಚೂ ಅದಕ್ಕೆ ಸೇರಿತು. ಅರಮನೆಗೆ ಬರುವ ಮೊದಲು ಆ ಮರವೂ ಯಾವುದೋ ಕಾಡಿನಲ್ಲಿ ನಿಂತಿತ್ತು. ಕಾಡಿನ ಪಕ್ಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಎಲ್ಲಿಂದ ಬಂತು ಎಂಬುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತೊಲೆ ಬರೀ ಮರ, ಮನೆಯ ಕನ್ನಡ ಬರೀ ಮನೆ ಮಾತು.

ವಾಪಸ್ ಬರುವಾಗ ಬಡಗರ ಅಂಗಡಿಯೊಂದರಲ್ಲಿ ಚಹಾ ಕುಡಿದೆವು. ಅವರ ಮಾತು ಅರ್ಧಕ್ಕರ್ಧ ಅರ್ಥವಾಗುತ್ತಿದೆ ಎಂದು ಮಕ್ಕಳಿಗೆ ಒಂದೇ ಆಶ್ಚರ್ಯ! ಬಡಗ ಎಂದರೆ ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಕಡೆಯಿಂದ ಬೆಟ್ಟ ಹತ್ತಿದವರು ಎಂದು ವಿವರಿಸಿದೆವು. "ಅವ್ರೂ ತೊಲೆ ತರಾನೇ ಸಾರ್" ಎಂದ ಅದೇ ಹುಡುಗ. ಇಲ್ಲಪ್ಪ, ಅವರು ಎಷ್ಟೋ ಮೊದಲೇ ತಾವಾಗಿ ಬಂದವರು ಎಂದು ತಿದ್ದಿದೆವು. ಆದರೂ ಅವನು ಲೆಕ್ಕ ಹಾಕಲು ಶುರುಮಾಡಿದ್ದಾನೆ ಎಂದು ಖುಷಿಯಾಯಿತು.

ಊಟಿಗೆ ಹೋದರೆ ನೀವೂ ಮಕ್ಕಳನ್ನು ಈ ಚರ್ಚಿಗೆ ಕರೆದುಕೊಂಡು ಹೋಗಿ. ಆರಾಧನೆಯ ಹೊತ್ತಲ್ಲದಾಗ ಕೇಳಿಕೊಂಡು ಒಳಗೆ ಹೋಗಿ. ಹತ್ತು ನಿಮಿಷ ಸುಮ್ಮನೆ ಕೂತು ತಲೆ ಎತ್ತಿ ನೋಡಿದರೆ ಸಾಕು. ಸಾಧ್ಯವಾದರೆ ಮೊದಲು ಶ್ರೀರಂಗಪಟ್ಟಣ, ಆಮೇಲೆ ಊಟಿ.