ಪರವಾನಗಿ ಮತ್ತು ಪ್ಯಾಚ್: ಮುಕ್ತ ತಂತ್ರಾಂಶದ ಬೆಳವಣಿಗೆಯ ಎರಡು ಆಧಾರಗಳು

ಮುಕ್ತ ತಂತ್ರಾಂಶದ ಚರಿತ್ರೆಯನ್ನು ಬಹುಮಟ್ಟಿಗೆ ಕೆಲವು ಪ್ರತಿಭಾವಂತರ ಔದಾರ್ಯದ ಕಥೆಯಾಗಿ ಹೇಳಲಾಗುತ್ತದೆ. ಮುಖಪರಿಚಯವೂ ಇಲ್ಲದ ಸಾವಿರಾರು ಜನ ಒಂದೇ ಪ್ರೋಗ್ರಾಂ ಅನ್ನು ದಶಕಗಟ್ಟಲೆ ಕಟ್ಟುತ್ತ ಬಂದದ್ದು ಹೇಗೆಂಬ ಪ್ರಶ್ನೆಗೆ ಆ ಕಥೆಯಲ್ಲಿ ಉತ್ತರವಿಲ್ಲ. ಒಂದು ಕಾನೂನಿನ ಸಾಧನ, ಒಂದು ತಾಂತ್ರಿಕ ಸಾಧನ ಜೊತೆಗೂಡಿದ್ದರಿಂದ ಇದು ಸಾಧ್ಯವಾಯಿತೆಂಬುದು ಪ್ರಸ್ತುತ ಲೇಖನದ ವಾದ.

ಆರಂಭದಲ್ಲಿ ಸೋರ್ಸ್ ಕೋಡ್ ಹಂಚಿಕೊಳ್ಳುವುದು ರೂಢಿಯೇ ಆಗಿತ್ತು. ಐಬಿಎಂ ಯಂತ್ರಗಳ ಬಳಕೆದಾರರು 1955ರಲ್ಲಿ ಕಟ್ಟಿಕೊಂಡ ‘ಶೇರ್’ ಸಂಘದಲ್ಲಿ ಪ್ರೋಗ್ರಾಂಗಳ ವಿನಿಮಯ ನಡೆಯುತ್ತಿತ್ತು. 1969ರಲ್ಲಿ ಐಬಿಎಂ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. 1980ರ ತಿದ್ದುಪಡಿ ಪ್ರೋಗ್ರಾಂಗಳನ್ನು ಅಮೆರಿಕದ ಕೃತಿಸ್ವಾಮ್ಯ ಕಾಯಿದೆಯ ವ್ಯಾಪ್ತಿಗೆ ಸ್ಪಷ್ಟವಾಗಿ ತಂದಿತು. 1983ರಲ್ಲಿ ಐಬಿಎಂ ಸೋರ್ಸ್ ಕೋಡ್ ಕೊಡುವುದನ್ನೇ ನಿಲ್ಲಿಸುವ ನೀತಿ ಸಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಂಐಟಿಯ ರಿಚರ್ಡ್ ಸ್ಟಾಲ್‌ಮನ್, ಮುಕ್ತವಾದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು.

1989ರಲ್ಲಿ ಅವರು ರೂಪಿಸಿದ ಜಿಪಿಎಲ್ ಪರವಾನಗಿ ಕೃತಿಸ್ವಾಮ್ಯವನ್ನು ಬಿಟ್ಟುಕೊಡದೆ ಅದರ ಬಲದಿಂದಲೇ ಷರತ್ತು ಹಾಕಿತು: ತಿದ್ದಿದ ಪ್ರೋಗ್ರಾಂ ಹಂಚುವವರು ಅದರ ಸೋರ್ಸ್ ಕೋಡನ್ನೂ ಅದೇ ಪರವಾನಗಿಯಡಿ ಕೊಡಬೇಕು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕರ್ನೆಲ್‌ನ (ಕಾರ್ಯಾಚರಣ ವ್ಯವಸ್ಥೆಯ ತಿರುಳಿನ) ಮೊದಲ ಪರವಾನಗಿಯಲ್ಲಿ ಹಣ ಪಡೆದು ಹಂಚುವುದಕ್ಕೆ ನಿಷೇಧವಿತ್ತು. 1992ರಲ್ಲಿ ಜಿಪಿಎಲ್‌ಗೆ ಬದಲಾದ ಮೇಲೆ ವ್ಯಾಪಾರಿಗಳಿಗೂ ಬಾಗಿಲು ತೆರೆಯಿತು. ಒಂದು ಕಂಪನಿ ಕೊಟ್ಟದ್ದನ್ನು ಇನ್ನೊಂದು ಬಚ್ಚಿಟ್ಟುಕೊಳ್ಳಲಾಗದು ಎಂಬ ಖಾತರಿಯಿದ್ದುದರಿಂದ ಪ್ರತಿಸ್ಪರ್ಧಿಗಳೂ ಒಂದೇ ಕರ್ನೆಲ್‌ಗೆ ದುಡಿಯಲು ಒಪ್ಪಿದರು.

ಹಕ್ಕು ಸಿಕ್ಕಿದ ಮಾತ್ರಕ್ಕೆ ಕೆಲಸ ಕೂಡಿಬರುವುದಿಲ್ಲ. ಹಲವರ ತಿದ್ದುಪಡಿಗಳನ್ನು ಒಂದೇ ಕೋಡ್‌ಗೆ ಸೇರಿಸುವುದೇ ತೊಡಕು. ಲ್ಯಾರಿ ವಾಲ್ 1985ರಲ್ಲಿ ಬರೆದ ‘ಪ್ಯಾಚ್’ ಎಂಬ ಪ್ರೋಗ್ರಾಂ ಇದನ್ನು ಬಿಡಿಸಿತು. ಇಂದು ಬಳಕೆಯಲ್ಲಿರುವ ಪ್ಯಾಚ್ ಕಡತದಲ್ಲಿ ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ ಇರುತ್ತವೆ. ಮೇಲೆ ಕೆಳಗೆ ಸಾಮಾನ್ಯವಾಗಿ ಮೂರು ಮೂರು ಬದಲಾಗದ ಸಾಲುಗಳು. ಮೂಲ ಕಡತದಲ್ಲಿ ಸಾಲುಸಂಖ್ಯೆ ಅಷ್ಟಿಷ್ಟು ಸರಿದಿದ್ದರೂ ಈ ಅಕ್ಕಪಕ್ಕದ ಸಾಲುಗಳನ್ನು ಹಿಡಿದು ಪ್ಯಾಚ್ ಪ್ರೋಗ್ರಾಂ ತಿದ್ದುಪಡಿಯ ಜಾಗವನ್ನು ಪತ್ತೆಹಚ್ಚುತ್ತದೆ. ಹೀಗೆ ದೂರದ ಅಪರಿಚಿತನ ತಿದ್ದುಪಡಿಯನ್ನೂ ಓದಿ ನೋಡಿ, ಒಪ್ಪುವ ಅಥವಾ ತಳ್ಳಿಹಾಕುವ ಅನುಕೂಲ ದೊರೆಯಿತು. ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ‘ಗಿಟ್’ ಇದಕ್ಕೆ ಚರಿತ್ರೆಯನ್ನು ಜೋಡಿಸಿತು. ಅದರಲ್ಲಿ ಪ್ರತಿ ದಾಖಲೆಯ ಗುರುತು ಅದರ ಒಳವಸ್ತುವಿನಿಂದಲೂ ಹಿಂದಿನ ದಾಖಲೆಯ ಗುರುತಿನಿಂದಲೂ ಲೆಕ್ಕವಾಗುವುದರಿಂದ, ಹಳೆಯದನ್ನು ಗುಟ್ಟಾಗಿ ತಿದ್ದಿದರೆ ಗುರುತುಗಳು ತಾಳೆಯಾಗುವುದಿಲ್ಲ.

ಈ ಏರ್ಪಾಡಿನ ಮಿತಿ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಅಂತರ್ಜಾಲದ ಸಂವಹನವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ, ಬಂದ ಸಂದೇಶದ ಉದ್ದವನ್ನು ಪರೀಕ್ಷಿಸದೆ ಬಿಟ್ಟ ‘ಹಾರ್ಟ್‌ಬ್ಲೀಡ್’ ದೋಷ, 2012ರ ಬಿಡುಗಡೆಯಿಂದಲೂ ಎಲ್ಲರ ಕಣ್ಣೆದುರಿನ ಕೋಡ್‌ನಲ್ಲೇ ಇತ್ತು. ಪರವಾನಗಿ ನೋಡುವ ಹಕ್ಕನ್ನು ಕೊಡುತ್ತದೆ. ಪ್ಯಾಚ್ ತಿದ್ದುವ ದಾರಿಯನ್ನು ಕೊಡುತ್ತದೆ. ಕೂತು ಓದುವವರ ಸಮಯಕ್ಕೆ ಸಂಬಳ ಯಾರು ಕೊಡಬೇಕೆಂಬುದು ಇವೆರಡರ ವ್ಯಾಪ್ತಿಗೂ ಬರುವುದಿಲ್ಲ. ಆ ವರ್ಷವೇ ಲಿನಕ್ಸ್ ಫೌಂಡೇಶನ್ ಇಂಥ ಯೋಜನೆಗಳಿಗೆ ದೊಡ್ಡ ಕಂಪನಿಗಳಿಂದ ಹಣ ಕೂಡಿಸಲು ಮುಂದಾದದ್ದು ಈ ಕೊರತೆಯನ್ನು ಮನಗಂಡೇ. ಹಾಗಾಗಿ ಮುಂದಿನ ಅಧ್ಯಯನಗಳು ಕೋಡ್ ಬರೆದವರ ಜೊತೆಗೆ ಅದರ ನಿರ್ವಹಣೆಯ ಖರ್ಚು ಹೊತ್ತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.