ಗಣಿಯೊಳಗಿನ ಥರ್ಮಾಮೀಟರ್ ಗುರುಗ್ರಾಮದ ಬಿಸಿಲಿಗೆ ಯಾಕೆ ಬರಲಿಲ್ಲ?

ಎಸಿ ಆಫೀಸಲ್ಲಿ ಕೂತವನು ಬಿಸಿಲಿನ ಬಗ್ಗೆ ಏನು ಮಾತಾಡ್ತಾನೆ ಅಂತ ನೀವು ನಗಬಹುದು. ನಗಿ, ನ್ಯಾಯವೇ. ಈ ವಿಷಯ ನನಗೆ ಹತ್ತಿದ್ದೇ ಎಸಿ ಆಫೀಸಿನ ಕಿಟಕಿಯಿಂದ.

2024ರ ಮೇ 29. ದೆಹಲಿಯ ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ. ಮುಂಗೇಶಪುರದಲ್ಲಿ 52.9 ಅಂತ ಟಿವಿಯಲ್ಲಿ ಬಂತಲ್ಲ, ಅದು ಸೆನ್ಸರ್ ದೋಷ, 3 ಡಿಗ್ರಿ ಜಾಸ್ತಿ ತೋರಿಸಿತ್ತು ಅಂತ ಹವಾಮಾನ ಇಲಾಖೆ ಆಮೇಲೆ ಹೇಳಿತು. ಮನೆಯಿಂದಲೇ ಕೆಲಸ ಮಾಡಬಹುದು ಅಂತ ನಮಗೆ ಮೇಲ್ ಬಂದಿತ್ತು. ನಾನು ಗುರುಗ್ರಾಮದ ಆಫೀಸಿನಲ್ಲೇ ಇದ್ದೆ. ಎದುರಿಗೆ ಏಳುತ್ತಿದ್ದ ಟವರ್‌ನ ಸ್ಲ್ಯಾಬ್ ಮೇಲೆ ಮಧ್ಯಾಹ್ನ ಒಂದೂವರೆಗೆ ಜನ ಕಬ್ಬಿಣ ಕಟ್ಟುತ್ತಿದ್ದರು. ಆ ಟವರ್‌ನಲ್ಲಿ ನನ್ನದೂ ಒಂದು ಫ್ಲ್ಯಾಟ್ ಬುಕ್ ಆಗಿದೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ ಕಟ್ಟುವವನಿಗೆ ಕೆಲಸ ಬೇಗ ಮುಗಿಯಲಿ ಅನ್ನೋ ಆಸೆ ಇದ್ದೇ ಇರುತ್ತೆ. ಅದನ್ನ ಮುಚ್ಚಿಟ್ಟು ಈ ಮಾತು ಆಡಬಾರದು.

ಅದೇ ದಿನ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ವಿ.ಕೆ. ಸಕ್ಸೇನಾ ಒಂದು ನಿರ್ದೇಶನ ಕೊಟ್ಟರು: ತಾಪಮಾನ 40ಕ್ಕಿಂತ ಕೆಳಗಿಳಿಯುವವರೆಗೆ ಕಟ್ಟಡ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು, ಕೂಲಿ ಕಡಿತ ಇಲ್ಲ. ಒಳ್ಳೆಯದೇ. ಆದರೆ ಅದು ದೆಹಲಿಗೆ. ಗಡಿ ದಾಟಿ ಹರಿಯಾಣಕ್ಕೆ ಬಂದರೆ ಬಿಸಿಲು ಅದೇ, ಸರ್ಕಾರ ಬೇರೆ. ಮತ್ತೆ ಅದು ಆ ಬೇಸಿಗೆಗೆ ಅಂತ ಬಂದ ಆದೇಶ, ಕಾನೂನಲ್ಲ.

ಹಾಗಾದರೆ ನಮ್ಮಲ್ಲಿ ಕಾನೂನೇ ಇರಲಿಲ್ವಾ? ಇತ್ತು. ಇದೇ ನನಗೆ ಆಶ್ಚರ್ಯ ತಂದದ್ದು.

ಮೊದಲ ಕಾರ್ಖಾನೆ ಕಾಯಿದೆ 1881ರದ್ದು, ಅದರ ಚಿಂತೆ ಹೆಚ್ಚಾಗಿ ಮಕ್ಕಳ ದುಡಿಮೆಯದು. ಸೆಕೆ ಕಾನೂನಿನೊಳಗೆ ಬಂದದ್ದು ಹತ್ತಿಯ ಗಿರಣಿಗಳ ದಾರಿಯಲ್ಲಿ. ಗಾಳಿ ಒಣಗಿದರೆ ನೂಲು ಕಡಿಯುತ್ತೆ, ಅದಕ್ಕೇ ಹಬೆ ಬಿಡುತ್ತಿದ್ದರು. ನೂಲಿಗೆ ಹಿತ, ನೇಯುವವನಿಗೆ ಉಸಿರುಗಟ್ಟು. 1948ರ ಕಾರ್ಖಾನೆ ಕಾಯಿದೆ ಬರುವ ಹೊತ್ತಿಗೆ ತಾಪಮಾನಕ್ಕೆ 13ನೇ ಸೆಕ್ಷನ್, ಈ ಕೃತಕ ತೇವಕ್ಕೆ 15ನೇ ಸೆಕ್ಷನ್ ಇದ್ದವು.

ಇನ್ನು ನಮ್ಮ ಕೋಲಾರ. ಕೆಜಿಎಫ್ ಅಂದ್ರೆ ಈಗ ಎಲ್ಲರಿಗೂ ಸಿನಿಮಾ ನೆನಪು. ನಿಜವಾದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳ, ತಳದ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಅಲ್ಲಿಗೆ ತಂಪು ಗಾಳಿ ಇಳಿಸದೆ ಚಿನ್ನ ಮೇಲೆ ಬರ್ತಿರಲಿಲ್ಲ. ಲೋಹ ಗಣಿಗಳ 1961ರ ನಿಯಮಾವಳಿಯಲ್ಲಿ ಸ್ಪಷ್ಟ ಅಂಕಿ ಇದೆ: ಕೆಲಸದ ಜಾಗದಲ್ಲಿ ವೆಟ್ ಬಲ್ಬ್ ತಾಪಮಾನ 33.5 ದಾಟಬಾರದು, 30.5 ದಾಟಿದರೆ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಗಾಳಿ ಆಡಬೇಕು.

ವೆಟ್ ಬಲ್ಬ್ ಅಂದರೆ ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡೋದು, ಅಷ್ಟೇ. ನಮ್ಮ ಮಣ್ಣಿನ ಹೂಜಿಯ ಲೆಕ್ಕ. ಬೆವರು ಆರಿದರೆ ಮೈ ತಣ್ಣಗಾಗುತ್ತೆ, ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರೋದಿಲ್ಲ.

ಸೂರಿನ ಕೆಳಗೆ ಕಾನೂನಿತ್ತು, ಭೂಮಿಯ ಕೆಳಗೆ ಅಂಕಿಯೂ ಇತ್ತು. ಬಯಲಲ್ಲಿ? ಕಟ್ಟಡ ಕಾರ್ಮಿಕರ ಕಾಯಿದೆ ಬಂದದ್ದು 1996ರಲ್ಲಿ. ಕಾರ್ಖಾನೆ, ಗಣಿ ಕಾಯಿದೆಗಳಡಿ ಬರುವ ಕೆಲಸವನ್ನ ಅದು ಹೊರಗಿಟ್ಟಿತು. ಕುಡಿಯುವ ನೀರು ಕೊಡಿ ಅಂತ 32ನೇ ಸೆಕ್ಷನ್ ಹೇಳುತ್ತಿತ್ತು. ಇಷ್ಟು ಬಿಸಿಲಾದರೆ ಕೆಲಸ ನಿಲ್ಲಿಸಿ ಅನ್ನೋ ಅಂಕಿ ಕಾಯಿದೆಯಲ್ಲಿ ಇರಲಿಲ್ಲ.

ಅಂದ ಹಾಗೆ ನಾನು ರಾಯಚೂರಿನವನು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಒಂದೂವರೆವರೆಗೆ. ಅಪ್ಪ ಗುಮಾಸ್ತ, ಊಟಕ್ಕೆ ಮನೆಯಲ್ಲಿರುತ್ತಿದ್ದರು. ಬೇಸಿಗೆ ಅಂದರೆ ಎಲ್ಲರಿಗೂ ಹೀಗೇ ಅಂತ ಅಂದುಕೊಂಡಿದ್ದೆ. ನಮ್ಮ ಮನೆಗೆ ಮಾಳಿಗೆ ಹಾಕಿದ ಗೌಂಡಿ ಮೂರು ಗಂಟೆಗೂ ಮೇಲೇ ಇರುತ್ತಿದ್ದ, ಅದು ಕಣ್ಣಿಗೆ ಬಿದ್ದಿದ್ದರೂ ತಲೆಗೆ ಹೋಗಿರಲಿಲ್ಲ.

ನಮ್ಮ ಜನ ದುಡಿಯಲು ಹೋಗುವ ಕತಾರ್ ನೋಡಿ. 2021ರ ನಿಯಮದ ಪ್ರಕಾರ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲ ಕೆಲಸ ಇಲ್ಲ. ಡಬ್ಲ್ಯೂಬಿಜಿಟಿ 32.1 ದಾಟಿದರೆ ಯಾವ ಹೊತ್ತಾದರೂ ನಿಲ್ಲಿಸಬೇಕು. ಒದ್ದೆ ಬಟ್ಟೆಯ ಲೆಕ್ಕಕ್ಕೆ ಗಾಳಿಯ ಬಿಸಿಯನ್ನೂ, ಬಿಸಿಲಿಗಿಟ್ಟ ಕಪ್ಪು ಗೋಳದ ಬಿಸಿಯನ್ನೂ ಸೇರಿಸಿದರೆ ಈ ಡಬ್ಲ್ಯೂಬಿಜಿಟಿ. ಬಯಲಿಗೆ ಬೇಕಾದ್ದು ಇಂಥದ್ದು, ಗಣಿಯಲ್ಲಿ ಸೂರ್ಯ ಇಲ್ಲವಲ್ಲ.

ನಮ್ಮ ಹೊಸ ವೃತ್ತಿ ಸುರಕ್ಷತಾ ಸಂಹಿತೆ, 2020ರದ್ದು, ಜಾರಿಯಾಗಿದ್ದು 2025ರ ನವೆಂಬರ್ 21ಕ್ಕೆ. ಕಾರ್ಖಾನೆ, ಗಣಿ, ಕಟ್ಟಡ ಮೂರೂ ಒಂದೇ ಪುಸ್ತಕದೊಳಗೆ ಬಂದಿವೆ. 23ನೇ ಸೆಕ್ಷನ್‌ನಲ್ಲಿ ತಾಪಮಾನ, ತೇವಾಂಶ ಅನ್ನೋ ಪದಗಳಿವೆ. ಅಂಕಿಯನ್ನ ಮಾತ್ರ ಕೇಂದ್ರ ಸರ್ಕಾರ ಮಾಡುವ ನಿಯಮಕ್ಕೆ ಬಿಟ್ಟಿದ್ದಾರೆ. ಆ ನಿಯಮ ಬರೆಯುವವರು 40 ಡಿಗ್ರಿ ಅಂತ ಒಣ ಬಿಸಿಯನ್ನಷ್ಟೇ ಹಿಡಿದರೆ ಜುಲೈ ತಪ್ಪಿಹೋಗುತ್ತೆ ಅನ್ನೋದು ನನ್ನ ಭಯ.

ಇದನ್ನ ನಾನೇ ಅಳೆದು ನೋಡಿದೆ. ಕಳೆದ ಜುಲೈನಲ್ಲಿ ಮಳೆ ನಿಂತ ಒಂದು ಮಧ್ಯಾಹ್ನ ಬಾಲ್ಕನಿ ನೆರಳಲ್ಲಿ ಎರಡು ಥರ್ಮಾಮೀಟರ್ ಇಟ್ಟು, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಟೇಬಲ್ ಫ್ಯಾನ್ ಹಾಕಿದೆ. ಒಣದ್ದು 38. ದೆಹಲಿಯ ಆ ಆದೇಶದ ಲೆಕ್ಕದಲ್ಲಿ ಬಿಡುವಿಲ್ಲ. ಒದ್ದೆಯದ್ದು 31, ಕೋಲಾರದ ಗಣಿಯಾಗಿದ್ದರೆ ಗಾಳಿ ಬೀಸಲೇಬೇಕಿತ್ತು. ದೂರದಲ್ಲಿ ನನ್ನ ಟವರ್‌ನ ಕ್ರೇನ್ ತಿರುಗುತ್ತಿತ್ತು.