ತುಕಾರಾಮ: ಬರ, ಹತಾಶೆ ಮತ್ತು ಭಕ್ತಿ

ತುಕಾರಾಮ (ಸು. 1608-1650) ಪಂಢರಪುರದ ವಿಠ್ಠಲನನ್ನು ಆರಾಧಿಸುವ ಮಹಾರಾಷ್ಟ್ರದ ವಾರಕರಿ ಪಂಥದ ಸಂತಕವಿ. ಪುಣೆಯ ಹತ್ತಿರ ಇಂದ್ರಾಯಣಿ ನದಿಯ ದಂಡೆಯಲ್ಲಿರುವ ದೇಹೂ ಈತನ ಊರು. ಅಭಂಗವೆಂಬ ಮರಾಠಿ ಪದ್ಯಪ್ರಕಾರದ ಸುಮಾರು 4,500 ಹಾಡುಗಳು ಈತನ ಗಾಥೆಯಲ್ಲಿ ಸೇರಿವೆ. ಭಕ್ತಿಯೆಂದರೆ ನೋವನ್ನು ಮರೆಸುವ ಮಂಪರು ಎಂದು ಹಲವರು ತಿಳಿಯುತ್ತಾರೆ. ಈತನ ಬದುಕನ್ನೂ ಹಾಡುಗಳನ್ನೂ ಜೊತೆಗಿಟ್ಟು ಓದಿದರೆ ಆ ತಿಳಿವಳಿಕೆ ನಿಲ್ಲುವುದಿಲ್ಲ. ಭಕ್ತಿ ಈತನ ಹತಾಶೆಯನ್ನು ಅಳಿಸಿಹಾಕಲಿಲ್ಲ. ಅದನ್ನು ತೋಡಿಕೊಳ್ಳಲು ಒಬ್ಬ ಕೇಳುಗನನ್ನು, ಬೆಳಗಾದರೆ ಕೈಗೆತ್ತಿಕೊಳ್ಳಲು ಒಂದು ಕೆಲಸವನ್ನು, ಜೊತೆಗೆ ದನಿಗೂಡಿಸಲು ಜನರನ್ನು ಕೊಟ್ಟಿತು. ಕುಸಿದುಹೋದ ಮನುಷ್ಯ ಮತ್ತೆ ಎದ್ದು ನಿಂತದ್ದು ಈ ಮೂರರ ಆಸರೆಯಿಂದ.

ಈತನದು ವ್ಯಾಪಾರ ಮತ್ತು ಲೇವಾದೇವಿ ನಡೆಸುತ್ತಿದ್ದ ಉಳ್ಳವರ ಮನೆ, ವಿಠ್ಠಲ ಮನೆದೇವರು. ಹದಿಹರೆಯದಲ್ಲೇ ತಂದೆ ತಾಯಿ ತೀರಿಕೊಂಡರು, ಅಣ್ಣ ಮನೆ ಬಿಟ್ಟು ಹೋದ, ಸಂಸಾರದ ನೊಗ ಈತನ ಹೆಗಲಿಗೆ ಬಿತ್ತು. ಅದರ ಬೆನ್ನಿಗೇ 1630-32ರ ಭೀಕರ ಕ್ಷಾಮ ಬಂತು. ಗುಜರಾತಿನಿಂದ ದಖ್ಖನ್ನಿನವರೆಗೆ ಮಳೆ ಕೈಕೊಟ್ಟಿತ್ತು. ಮಳೆಯದಷ್ಟೇ ತಪ್ಪಲ್ಲ: ಷಹಜಹಾನನ ದಂಡು ದಖ್ಖನ್ನಿನಲ್ಲಿ ಬೀಡುಬಿಟ್ಟಿತ್ತು, ಅದೇ ವರ್ಷಗಳ ಆಸುಪಾಸಿನಲ್ಲಿ ಬಿಜಾಪುರದ ಸೇನೆ ಪುಣೆಯನ್ನು ಸುಟ್ಟಿತ್ತು. ಅಂಗಡಿ ದಿವಾಳಿಯೆದ್ದಿತು. ಇಬ್ಬರು ಹೆಂಡಿರಲ್ಲಿ ಹಿರಿಯಳಾದ ರಖಮಾಬಾಯಿ ಅನ್ನಕ್ಕಾಗಿ ಹಂಬಲಿಸುತ್ತಲೇ ಪ್ರಾಣ ಬಿಟ್ಟಳು. ಎಳೆಯ ಮಗನೂ ಉಳಿಯಲಿಲ್ಲ. ಊರಿನಲ್ಲಿ ಮರ್ಯಾದೆ ಹೋಯಿತು, ನಾಚಿಕೆಯಿಂದ ಮುಖ ತೋರಿಸಲಾಗಲಿಲ್ಲ ಎಂದು ತುಕಾರಾಮನೇ ಒಂದು ಅಭಂಗದಲ್ಲಿ ಹೇಳಿಕೊಂಡಿದ್ದಾನೆ. ಉಳಿದ ಅನೇಕ ವಿವರಗಳು 18ನೆಯ ಶತಮಾನದ ಚರಿತ್ರಕಾರ ಮಹೀಪತಿಯ ಭಕ್ತಿಗ್ರಂಥಗಳಿಂದ ಬಂದವು. ಪವಾಡದ ಕಥೆಗಳನ್ನು ಬದಿಗಿಟ್ಟರೂ ಬರ, ಸಾವು, ದಿವಾಳಿ, ಅವಮಾನ ಈ ನಾಲ್ಕಕ್ಕೆ ಕವಿಯ ಮಾತೇ ಸಾಕ್ಷಿ.

ಇಂಥ ಏಟು ತಿಂದವನ ಮೊದಲ ನೆಲೆ ದೂರು. ಗಾಥೆಯಲ್ಲಿ ತುಕಾರಾಮ ವಿಠ್ಠಲನನ್ನು ಹೊಗಳುವಷ್ಟೇ ಬಲವಾಗಿ ಜರೆಯುತ್ತಾನೆ. ಸಾಲಗಾರನನ್ನು ಹಿಡಿದು ನಿಲ್ಲಿಸಿದಂತೆ ಪಟ್ಟು ಹಿಡಿಯುತ್ತಾನೆ, ನಿನಗೆ ಕರುಣೆಯಿಲ್ಲ ಎನ್ನುತ್ತಾನೆ, ನೀನು ನನ್ನ ಪಾಲಿಗೆ ಸತ್ತೆ ಎನ್ನುವವರೆಗೂ ಹೋಗುತ್ತಾನೆ. ಇದನ್ನು ನಾಸ್ತಿಕತೆ ಎನ್ನಲಾಗದು. ಯಾರೂ ಕೇಳುವುದಿಲ್ಲವೆಂದು ಖಾತ್ರಿಯಾದವನು ಬೈಯುವುದನ್ನೂ ಬಿಡುತ್ತಾನೆ. ಹತಾಶೆಯ ಕೊನೆಯ ಹಂತ ಮಾತು ಸತ್ತುಹೋಗುವುದು. ಜಗಳವಾಡಲಾದರೂ ಎದುರಿಗೊಬ್ಬನಿದ್ದಾನೆ ಎಂಬ ನಂಬಿಕೆ ತುಕಾರಾಮನ ಮಾತನ್ನು ಕಾಪಾಡಿತು, ಆ ಮಾತು ಹಾಡಾಯಿತು.

ಎರಡನೆಯದು ಕೆಲಸ. ವ್ಯಾಪಾರ ಕೈಬಿಟ್ಟ ಮೇಲೆ, ಪಾಳುಬಿದ್ದಿದ್ದ ವಿಠ್ಠಲನ ಗುಡಿ ಕಣ್ಣಿಗೆ ಬಿತ್ತು, ಅದನ್ನು ಸರಿಮಾಡುವ ಮನಸ್ಸಾಯಿತು ಎಂದು ಆತ್ಮಕಥನದ ಅಭಂಗ ಹೇಳುತ್ತದೆ. ಏಕಾದಶಿಯಂದು ಕೀರ್ತನೆಗೆ ನಿಂತಾಗ ಮೊದಮೊದಲು ಅಭ್ಯಾಸವಿರಲಿಲ್ಲ. ಹಿಂದಿನ ಸಂತರ ಮಾತುಗಳನ್ನು ಬಾಯಿಪಾಠ ಮಾಡಿದ, ಮುಂದೆ ಹಾಡುವವರ ಹಿಂದೆ ನಿಂತು ಪಲ್ಲವಿ ಹಿಡಿದ. ಇದ್ದಕ್ಕಿದ್ದಂತೆ ಬೆಳಕು ಕಂಡ ಕಥೆ ಇದಲ್ಲ. ಕಲಿಯುವವನ ಸ್ಥಾನದಲ್ಲಿ ಕೂತು, ದಿನಕ್ಕಿಷ್ಟು ಎಂದು ಮನಸ್ಸನ್ನು ಕಟ್ಟಿಕೊಂಡ ಕಥೆ. ಸಾಲಪತ್ರಗಳ ಪ್ರಸಂಗವೂ ಇದೇ ಕಾಲದ್ದೆಂದು ಸಂಪ್ರದಾಯ. ಊರವರು ಕೊಡಬೇಕಾಗಿದ್ದ ಬಾಕಿಯ ಪತ್ರಗಳನ್ನು ತಮ್ಮ ಕಾನ್ಹೋಬಾನೊಂದಿಗೆ ಸಮಪಾಲು ಮಾಡಿಕೊಂಡು, ತಮ್ಮನ ಪಾಲನ್ನು ಅವನಿಗೆ ಬಿಟ್ಟುಕೊಟ್ಟು, ತನ್ನ ಪಾಲನ್ನು ಇಂದ್ರಾಯಣಿಗೆ ಎಸೆದನಂತೆ. ಬರದಲ್ಲಿ ಬೆಂದವನ ನಂಬಿಕೆ ಅದೇ ಬರದಲ್ಲಿ ಬೆಂದ ಇತರರ ಋಣ ಹರಿಯುವುದಕ್ಕೆ ಕಾರಣವಾಯಿತೆಂಬುದು ಈ ಕಥೆಯ ತಿರುಳು.

ಆಕ್ಷೇಪಗಳು ಹಗುರವಾದವಲ್ಲ. ದಿವಾಳಿಯಾದದ್ದೇ ಒಳ್ಳೆಯದಾಯಿತು, ಬರ ಕಾಡಿದ್ದೇ ಒಳ್ಳೆಯದಾಯಿತು ಎಂಬ ಅರ್ಥದ ಅಭಂಗವೂ ಗಾಥೆಯಲ್ಲಿದೆ. ಇದು ಸಂಕಟದ ವೈಭವೀಕರಣವಲ್ಲವೇ, ಹಸಿವಿಗೆ ಕಾರಣರಾದವರನ್ನು ಬಚಾವು ಮಾಡುವುದಿಲ್ಲವೇ ಎಂದು ಕೇಳಬಹುದು. ಆ ಮಾತು ಅನುಭವಿಸಿದವನು ಹಿಂತಿರುಗಿ ನೋಡಿ ತನ್ನ ಬಗ್ಗೆ ಆಡಿದ್ದು. ಇನ್ನೊಬ್ಬರ ನೋವಿಗೆ ಅದನ್ನು ಉಪದೇಶವಾಗಿ ಹಚ್ಚಿದರೆ ಅದು ಕ್ರೌರ್ಯ. ಹಸಿದವನಿಗೆ ಬೇಕಾದದ್ದು ಅನ್ನ, ಖಿನ್ನತೆಯ ಕಾಯಿಲೆಗೆ ಬೇಕಾದದ್ದು ಚಿಕಿತ್ಸೆ. ಭಕ್ತಿ ಇವುಗಳ ಬದಲಿಯಲ್ಲ. ಇನ್ನೂ ಕಠಿಣವಾದ ಪ್ರಶ್ನೆ ರಖಮಾಬಾಯಿಯದು: ಮನೆದೇವರು ಅವಳನ್ನು ಉಳಿಸಲಿಲ್ಲ. ಎರಡನೆಯ ಹೆಂಡತಿ ಜಿಜಾಯಿ ಗಂಡನ ವೈರಾಗ್ಯದ ಬೆಲೆಯನ್ನು ಒಲೆಯ ಮುಂದೆ ತೆತ್ತಳು. ಸಂಪ್ರದಾಯ ಅವಳನ್ನು ಗಯ್ಯಾಳಿಯೆಂದು ಚಿತ್ರಿಸಿದ್ದು ಅನ್ಯಾಯ. ಹಾಗಾಗಿ ಭಕ್ತಿ ಆಪತ್ತನ್ನು ತಡೆಯುತ್ತದೆಂಬ ವಾದಕ್ಕೆ ಈ ಬದುಕಿನಲ್ಲಿ ಆಧಾರವಿಲ್ಲ. ಆಪತ್ತಿನ ನಂತರ ಉಳಿದವರು ಹೇಗೆ ಬಾಳುತ್ತಾರೆ ಎಂಬುದಕ್ಕೆ ಮಾತ್ರ ಆಧಾರವಿದೆ, ಅದು ಸಣ್ಣದಲ್ಲ. ನಂಬಿಕೆ ತಲೆತಗ್ಗಿಸುವುದನ್ನಷ್ಟೇ ಕಲಿಸುತ್ತದೆ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ: ಶೂದ್ರನೆಂದು ಹೇಳಿಕೊಂಡೇ ವೇದದ ಅರ್ಥ ನಮಗೆ ಗೊತ್ತು ಎಂದ ತುಕಾರಾಮ, ಅದನ್ನು ಸಹಿಸದವರ ವಿರೋಧದಿಂದ ತನ್ನ ಹಾಡುಗಳನ್ನು ಹೊಳೆಗೆ ಹಾಕಬೇಕಾಗಿ ಬಂದರೂ ಹಾಡುವುದನ್ನು ನಿಲ್ಲಿಸಲಿಲ್ಲ.

ಮೂರನೆಯ ಆಸರೆಯಾದ ಜನ ಈತನ ನಂತರವೂ ಉಳಿದರು. ಬ್ರಾಹ್ಮಣ ಮನೆತನದ ಬಹಿಣಾಬಾಯಿ ಈತನನ್ನು ಗುರುವೆಂದು ಒಪ್ಪಿ ತಾನೂ ಅಭಂಗ ಬರೆದಳು. 1930ರಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿ ಕೆಲವು ಅಭಂಗಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಕನ್ನಡಿಗರಿಗೂ ಈ ಪರಂಪರೆ ಹೊರಗಿನದಲ್ಲ. ಮರಾಠಿ ಸಂತರು ವಿಠ್ಠಲನನ್ನು ಕಾನಡಾ ಎಂದು ಕರೆದಿದ್ದಾರೆ, ಪುರಂದರದಾಸರ ಅಂಕಿತದಲ್ಲಿರುವವನೂ ಅವನೇ, ಪಂಢರಪುರದ ಭೀಮೆ ಮುಂದೆ ಹರಿದು ಬರುವುದು ಕರ್ನಾಟಕಕ್ಕೆ. ಉತ್ತರ ಕರ್ನಾಟಕದಿಂದಲೂ ದಿಂಡಿಗಳು, ಎಂದರೆ ಯಾತ್ರಿಕರ ತಂಡಗಳು, ತಾಳ ಬಾರಿಸುತ್ತ ಪಂಢರಿಗೆ ನಡೆಯುತ್ತವೆ. ಆ ಯಾತ್ರೆ ಪಂಢರಿ ಸೇರುವ ಆಷಾಢ ಏಕಾದಶಿ ಬರುವುದು ಮುಂಗಾರಿನ ಹೊತ್ತಿಗೆ. ನಡೆಯುವವರಲ್ಲಿ ಹೆಚ್ಚಿನವರು ಮಳೆಯನ್ನೇ ನಂಬಿದ ರೈತರು. ಆ ವರ್ಷ ಮಳೆ ಬಂದೀತೆಂಬ ಭರವಸೆಯನ್ನು ಯಾವ ಅಭಂಗವೂ ಕೊಡುವುದಿಲ್ಲ. ಮೋಡ ನೋಡುತ್ತ ಒಬ್ಬನೇ ಕೂರಬೇಕಾದವನಿಗೆ ಅದು ಹಿಂದೆ ಮುಂದೆ ನಡೆಯುವವರನ್ನು ಕೊಡುತ್ತದೆ, ಬರದ ಊರಿನಿಂದ ಎದ್ದುಬಂದ ಹಾಡನ್ನು ಕೊಡುತ್ತದೆ.